ಪಾಲುಗಾರನ ಗವಿ

"ಇಷ್ಟೇನಾ ಜಯಾ ಮೇಡಂ?" ಸುಷ್ಮಿತಾ ದುಪಟ್ಟವನ್ನು ತಲೆಯ ಮೇಲೆ ಎಳೆದುಕೊಂಡು ಸುತ್ತ ನೋಡಿದಳು. "ಕಲ್ಲು ಬಿಟ್ರೆ ಮುಳ್ಳು, ಮುಳ್ಳು ಬಿಟ್ರೆ ಕಲ್ಲು. ಮರುಭೂಮಿ ಇದ್ದಂಗೈತೆ. ಇದನ್ನ ಕಾಯಾಕೆ ಗೇಟು, ಟಿಕೆಟ್ಟು, ಕಾವಲುಗಾರ್ರು ಬೇರೆ!"

ಎಲ್ಲರೂ ನಕ್ಕರು. ಜಯಶೀಲಾಳೂ ನಕ್ಕಳು.

ಜನವರಿಯ ಕೊನೆಯ ಭಾನುವಾರ. ಚಿತ್ರದುರ್ಗದ ಖಾಸಗಿ ಪ್ರೌಢಶಾಲೆಯೊಂದರ ನಾಲ್ವರು ಶಿಕ್ಷಕರು ಬೆಳಿಗ್ಗೆ ಎಂಟಕ್ಕೇ ಕಮರದ ಕಣಿವೆಗೆ ಬಂದಿದ್ದರು. ಎಂಟನೇ ತರಗತಿಯ ಮಕ್ಕಳನ್ನು ಒಂದು ದಿನ ಕರೆತರಬೇಕು, ಅದಕ್ಕೆ ಮೊದಲು ನಾವೇ ಒಮ್ಮೆ ನೋಡಿಬಿಡೋಣ ಎಂದು ಹೆಡ್‌ಮಾಸ್ಟರ್ ಪಂಚಾಕ್ಷರಪ್ಪನವರು ಹೊರಡಿಸಿದ್ದು. ಊರು ಮುಗಿದು, ಊರಿನ ಹಿಂದೆ ಹಿಂದೆಯೇ ಓಡಿಬಂದ ಸೈಟುಗಳ ಕಲ್ಲುಗಳೂ ಮುಗಿದ ಮೇಲೆ, ಎರಡು ಬೋಳು ಗುಡ್ಡಗಳ ನಡುವೆ ಈ ಕಣಿವೆ ಶುರುವಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತು ರೆಕ್ಕೆ ತಿರುಗಿಸುತ್ತಿರುತ್ತವೆ. ಕೆಳಗೆ ಕಾರೆ, ಬಂದರಿಕೆ, ಪಾಪಾಸುಕಳ್ಳಿ, ಅಲ್ಲೊಂದು ಇಲ್ಲೊಂದು ಕಮರದ ಮರ. ಹಳ್ಳವೊಂದಿದೆ, ಹೆಸರಿಗೆ, ಅದರಲ್ಲಿ ನೀರು ಹರಿದದ್ದನ್ನು ಕಂಡವರಿಗೆಲ್ಲ ಈಗ ತಲೆ ನೆರೆತಿದೆ. ಹನ್ನೆರಡು ವರ್ಷದ ಹಿಂದೆ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಬೋರ್ಡು ನೆಟ್ಟಿತು. ಬಂದವರು ನಡೆಯಲು ಒಂದು ಕಾಲುದಾರಿ, ದಾರಿಯ ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು. ಕಲ್ಲು ದಾಟಬಾರದು, ಅಷ್ಟೇ ನಿಯಮ.

ವಿಜ್ಞಾನದ ಮೇಡಂ ಜಯಶೀಲಾ ಹುಟ್ಟಿದ್ದು ಇದೇ ಕಣಿವೆಯ ಆ ಕೊನೆಯಲ್ಲಿ, ಈಗ ಬೇಲಿಯಾಚೆ ಉಳಿದಿರುವ ಹನ್ನೊಂದು ಮನೆಯ ಕುರಿಹಟ್ಟಿಯಲ್ಲಿ. ಈ ಸಂಗತಿ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಟ್ಟಳು ಎನ್ನುವಂತೆಯೂ ಇಲ್ಲ. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ತಂದೆ ಏನು ಮಾಡುತ್ತಾರೆ ಎಂದು ಡ್ರಿಲ್ ಮಾಸ್ಟರ್ ಲಕ್ಷ್ಮೀಕಾಂತ್ ಒಮ್ಮೆ ವಿಚಾರಿಸಿದಾಗ "ಫಾರೆಸ್ಟ್‌ನಲ್ಲಿದಾರೆ" ಎಂದಿದ್ದಳು. ಅದೇನು ಸುಳ್ಳಲ್ಲ. ಕುರಿ ಮೇಯಿಸಕೂಡದು ಎಂದು ಹುಕುಂ ಬಂದ ಮೇಲೆ ಅವಳಪ್ಪ ಹಾಲಸ್ವಾಮಿ ಇನ್ನೂರು ಕುರಿಯ ಮಂದೆಯನ್ನು ಮಾರಿ ಇಲ್ಲೇ ದಿನಗೂಲಿ ಕಾವಲುಗಾರನಾಗಿ ಸೇರಿಕೊಂಡಿದ್ದ. ಲಕ್ಷ್ಮೀಕಾಂತ್ ಅದನ್ನು ಜೀಪು, ಟೋಪಿ, ಹೆಗಲ ಮೇಲೆ ನಕ್ಷತ್ರ ಎಂದು ಊಹಿಸಿಕೊಂಡಿದ್ದರೆ ತಪ್ಪು ಅವನದು ಎಂದು ಜಯಶೀಲಾ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಭಾನುವಾರ ಅಪ್ಪನ ಪಾಳಿ ಆ ಕೊನೆಯ ನೀರಿನ ತೊಟ್ಟಿಯ ಕಡೆ. ಹೋಗಲು ಭಾನುವಾರವನ್ನೇ ಗೊತ್ತುಮಾಡಿದ್ದು ಅವಳೇ.

"ನಿಮ್ ಫಾದರ್ ಫಾರೆಸ್ಟಲ್ಲಿದಾರಲ್ಲ ಮೇಡಂ," ಎಂದ ಲಕ್ಷ್ಮೀಕಾಂತ್. "ಏನಾದ್ರೂ ಸ್ಪೆಷಲ್ ತೋರ್ಸ್ರಿ ನಮಗೆ. ಬರೀ ಬೋರ್ಡ್ ಓದ್ಕಂಡು ಹೋದ್ರೆ ಹೆಂಗೆ?"

"ಇರೋದು ಇಷ್ಟೇ ಬಿಡ್ರಿ ಪಾಪ, ಅವರಾದ್ರೂ ಎಲ್ಲಿಂದ ತರ್ತಾರೆ," ಎಂದು ಪಂಚಾಕ್ಷರಪ್ಪನವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಮಕ್ಕಳನ್ನ ಕೋಟೆಗೇ ಕರ್ಕಂಡು ಹೋಗಾಣ. ಒನಕೆ ಕಿಂಡಿನಾದ್ರೂ ನೋಡ್ತಾವೆ."

ಆ 'ಪಾಪ' ಎಂಬ ಮಾತೇ ಜಯಶೀಲಾಳಿಗೆ ತಡೆಯಲಾಗದೆ ಹೋಯಿತು. ತವರನ್ನು ತಾನು ಎಷ್ಟು ಬೇಕಾದರೂ ಬಯ್ಯಬಹುದು, ಪಕ್ಕದವರು ಅಯ್ಯೋ ಪಾಪ ಎಂದರೆ ಯಾವ ಹೆಣ್ಣು ಸುಮ್ಮನಿದ್ದಾಳು? ಇಲ್ಲಿ ಏನಿದೆ ಎಂದು ಇವರಿಗೆ ತೋರಿಸಿಯೇ ಬಿಡಬೇಕು ಎನ್ನಿಸಿತು. ಏನಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿರಬಾರದಿತ್ತು, ಆದರೆ ಗೊತ್ತಿತ್ತು.

ಹಟ್ಟಿಯಲ್ಲಿ ತೋಳವನ್ನು ತೋಳ ಎನ್ನುವುದಿಲ್ಲ, ಪಾಲುಗಾರ ಎನ್ನುತ್ತಾರೆ. ಮಂದೆಯಲ್ಲಿ ನಮಗೊಂದು ಪಾಲು, ಅವನಿಗೊಂದು ಪಾಲು. ವರ್ಷಕ್ಕೆ ಎರಡೋ ಮೂರೋ ಮರಿ ಹೋದರೆ ಬಯ್ಯುತ್ತಾರೆ, ಕಲ್ಲು ಬೀಸುತ್ತಾರೆ, ನಾಯಿ ಛೂ ಬಿಡುತ್ತಾರೆ. ಆದರೆ ಅವನ ಗವಿಯ ತಂಟೆಗೆ ಹೋಗುವುದಿಲ್ಲ. ಗವಿ ಕಂಡವನು ಅದು ಎಲ್ಲಿದೆಯೆಂದು ಯಾರಿಗೂ ಹೇಳಕೂಡದು. ಮರಿಗಳು ಹೊರಬಿದ್ದು ಓಡಾಡುವ ತನಕ ಕುರಿಯನ್ನು ಸುತ್ತುದಾರಿಯಲ್ಲಿ ಹೊಡೆಯಬೇಕು. ಬೀಡಿ ಮುಟ್ಟಬಾರದು, ಹೊಗೆಯ ವಾಸನೆ ಮೈಗಂಟಿದರೆ ತಾಯಿ ಬೆದರುತ್ತದೆ. ಗಂಡ ಬೀಡಿ ಬಿಟ್ಟದ್ದು ಯಾಕೆಂದು ಹೆಂಡತಿಯೂ ಕೇಳುವುದಿಲ್ಲ.

ಹಾಲಸ್ವಾಮಿಗೆ ಗಂಡುಮಕ್ಕಳಿರಲಿಲ್ಲ. ಜಯಶೀಲಾ ಒಂಬತ್ತು ವರ್ಷದವಳಿದ್ದಾಗ ಒಂದು ಬೆಳಗ್ಗೆ ಕೈ ಹಿಡಿದು ಕರೆದುಕೊಂಡು ಹೋಗಿ, ಹಳ್ಳದ ದಂಡೆಯ ಕಮರದ ಮರದ ಬುಡದಲ್ಲಿದ್ದ ಗವಿಯನ್ನು ದೂರದಿಂದ ತೋರಿಸಿದ್ದ. ಹಿಂತಿರುಗುವಾಗ ಕರಿಕಂಬಳಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಅವಳ ಅಂಗೈ ಇಡಿಸಿದ್ದ. "ಕಂಡಿದ್ದು ಕಣ್ಣಾಗೇ ಇರ್ಲಿ. ಬಾಯಿಗೆ ಬರಬಾರ್ದು," ಎಂದಿದ್ದ. ಅದೇ ಗವಿಗೆ ಪಾಲುಗಾರ ಪ್ರತಿ ವರ್ಷ ಬರುವುದಿಲ್ಲ. ಮೂರು ವರ್ಷ ಬಿಟ್ಟು ಬಂದರೂ ಬಂತು, ಬಾರದಿದ್ದರೂ ಇಲ್ಲ. ಈ ವರ್ಷ ಬಂದಿದೆಯೆಂದು ಅಪ್ಪ ಅವಳಿಗೆ ಹೇಳಿರಲಿಲ್ಲ. ಹೇಳಿದ್ದು ಬೀಡಿ ಕಟ್ಟು. ಸಂಕ್ರಾಂತಿಗೆ ಎಳ್ಳು ಬೀರಲು ಹಟ್ಟಿಗೆ ಹೋದಾಗ, ಎದ್ದ ಕೂಡಲೇ ಬೀಡಿ ಹಚ್ಚುವ ಅಪ್ಪನ ಕಟ್ಟು ಗೂಡಿನಲ್ಲಿ ದಾರ ಸಹ ಬಿಚ್ಚದೆ ಧೂಳು ಹಿಡಿದು ಕೂತಿದ್ದನ್ನು ಅವಳು ನೋಡಿದ್ದಳು. ನೋಡಿ, ಹಟ್ಟಿಯ ಮಗಳಾದ್ದರಿಂದ, ಅರ್ಥ ಮಾಡಿಕೊಂಡಿದ್ದಳು. ಹೊರಗಿನಿಂದ ಹಟ್ಟಿಗೆ ಬಂದ ಸೊಸೆಗಾದರೆ ಅದು ಬರೀ ಬೀಡಿ ಕಟ್ಟು.

"ಬರ್ರಿ ನನ್ನ ಜತೆ," ಎಂದಳು ಜಯಶೀಲಾ. "ಮಾತಾಡಬಾರ್ದು. ಫೋನು ಸೈಲೆಂಟಿಗೆ ಹಾಕ್ರಿ."

ಅವಳೇ ಮೊದಲು ಸುಣ್ಣದ ಕಲ್ಲು ದಾಟಿದಳು. ಕಾಲಿಗೆ ದಾರಿ ನೆನಪಿತ್ತು. ಕಾರೆ ಮುಳ್ಳಿಗೆ ಸೀರೆಯ ಅಂಚು ಸಿಕ್ಕದಂತೆ ಎತ್ತಿ ಹಿಡಿದು, ಗಾಳಿ ಎದುರಿನಿಂದ ಬೀಸುವ ಕಡೆಗೇ ಸುತ್ತಿ ನಡೆದಳು. ಪಂಚಾಕ್ಷರಪ್ಪನವರು ಏದುಸಿರು ಬಿಡುತ್ತ ಹಿಂದೆ ಬಂದರು. ಬಂಡೆಯ ಮರೆಯಲ್ಲಿ ಎಲ್ಲರನ್ನೂ ಕೂರಿಸಿ ಬೆರಳು ತೋರಿಸಿದಳು. "ಸದ್ದು ಮಾಡಬ್ಯಾಡ್ರಿ. ಅಲ್ಲಿ, ಆ ಕಮರದ ಬುಡದಾಗೆ ನೋಡ್ರಿ."

ಲಕ್ಷ್ಮೀಕಾಂತ್ ಆಗಲೇ ಫೋನಿನಲ್ಲಿ ವೀಡಿಯೊ ಹಾಕಿಕೊಂಡಿದ್ದ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬೇರಿನ ಕೆಳಗಿನ ಕತ್ತಲಿನಿಂದ ಒಂದು ಮರಿ ತಲೆ ಹಾಕಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೂರು. ಬೂದಿಬಣ್ಣದ ಉಣ್ಣೆಯಂಥ ಮೈ, ಮೈಗಿಂತ ದೊಡ್ಡ ಕಿವಿ. ಒಂದರ ಬಾಲವನ್ನು ಇನ್ನೊಂದು ಕಚ್ಚಿ ಎಳೆಯಿತು. ಸುಷ್ಮಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ಅವಳ ಕಣ್ಣು ತುಂಬಿತ್ತು. ಜಯಶೀಲಾಳಿಗೆ ಆಗ ಆದ ಹಿಗ್ಗು ಹೇಳತೀರದು. ನೋಡಿದಿರಾ, ಇಷ್ಟೇನಾ ಅಂದಿರಲ್ಲ, ನೋಡಿದಿರಾ.

ಅಷ್ಟರಲ್ಲಿ ಲಕ್ಷ್ಮೀಕಾಂತ್ ಬಂಡೆಯ ಮರೆ ಬಿಟ್ಟು ಎದ್ದಿದ್ದ. ಫೋನನ್ನು ಮುಂದೆ ಹಿಡಿದು, ಆಟದ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗೆ ತುದಿಗಾಲಲ್ಲಿ, ಗವಿಗೆ ಹತ್ತು ಹೆಜ್ಜೆ ಇರುವ ತನಕ ಹೋದ. ಬೇಡ ಎಂದು ಕೈ ಬೀಸಿದಳು, ಅವನು ನೋಡಲಿಲ್ಲ. ಅವನ ಬೂಟಿನ ಕೆಳಗೆ ಒಂದು ಕಲ್ಲು ಜಾರಿ ಉರುಳಿತು. ಮೂರೂ ಮರಿ ಗವಿಯೊಳಗೆ ಮಾಯವಾದವು. ಆಗ ಜಯಶೀಲಾ ಎದುರಿನ ದಿಬ್ಬದ ಕಡೆ ನೋಡಿದಳು. ಬಂದರಿಕೆ ಗಿಡಗಳ ನಡುವೆ ತಾಯಿ ನಿಂತಿತ್ತು. ಓಡಲಿಲ್ಲ, ಗುರುಗುಟ್ಟಲಿಲ್ಲ. ಇವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತಿತ್ತು. ಅದನ್ನು ಕಂಡದ್ದು ಅವಳೊಬ್ಬಳೇ.

"ಸಾಕು, ನಡೀರಿ," ಎಂದಳು.

ಗೇಟಿನ ಹತ್ತಿರ ಬಂದಾಗ ಬೇವಿನ ಮರದ ನೆರಳಲ್ಲಿ, ನೀರಿನ ಗಡಿಗೆಯ ಪಕ್ಕ, ಹಾಲಸ್ವಾಮಿ ಕೂತಿದ್ದ. ಖಾಕಿ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಅದೇ ಕಂಬಳಿ. ಗೇಟಿನವನು ಉಣ್ಣಲು ಹೋಗಿದ್ದಾನೆ, ಅದಕ್ಕೆ ಇವನನ್ನು ಕೂರಿಸಿದ್ದಾರೆ. ಅಪ್ಪನ ಮುಖದಲ್ಲಿ ಮಗಳನ್ನು ಕಂಡ ನಗು ಇನ್ನೇನು ಮೂಡಬೇಕು, ಅಷ್ಟರಲ್ಲಿ ಲಕ್ಷ್ಮೀಕಾಂತ್ ದೊಡ್ಡ ದನಿಯಲ್ಲಿ, "ಏನ್ ಯಜಮಾನ್ರೆ, ನಿಮ್ ಕಾಡಿನ ತೋಳದ ಮರಿ ನೋಡ್ಕಂಡ್ ಬಂದ್ವಿ! ಮೂರವೆ!" ಎಂದ.

ನಗು ಅಲ್ಲೇ ನಿಂತಿತು. ಹಾಲಸ್ವಾಮಿ ಮಗಳನ್ನು ನೋಡಿದ. ಮಗಳು ಬ್ಯಾಗಿನಿಂದ ಫೋನು ತೆಗೆದು, ಬಾರದ ಮೆಸೇಜನ್ನು ಓದತೊಡಗಿದಳು. ಇವರು ನಮ್ಮಪ್ಪ ಎಂಬ ಎರಡು ಪದ ನಾಲಿಗೆಯ ತುದಿಯಲ್ಲಿ ಇದ್ದವು. ಸುಷ್ಮಿತಾ ಆ ಪಂಚೆಯನ್ನೂ ಕಂಬಳಿಯನ್ನೂ ನೋಡುತ್ತಿದ್ದಳು. ಪದ ಎರಡೂ ಅಲ್ಲೇ ಉಳಿದವು.

"ಹೌದೇನ್ರಿ ಸಾರ್," ಎಂದ ಹಾಲಸ್ವಾಮಿ. "ಬಿಸ್ಲಾಗೆ ಬಂದೀರಿ. ನೀರು ಕುಡೀರಿ," ಎಂದು ಎದ್ದು ಗಡಿಗೆಯಿಂದ ಲೋಟಕ್ಕೆ ಬಗ್ಗಿಸಿ ಒಬ್ಬೊಬ್ಬರಿಗೇ ಕೊಟ್ಟ. ಕೊನೆಗೆ ಅವಳ ಹತ್ತಿರ ಬಂದ. "ತಗಳ್ರಿ," ಎಂದ.

ಹೆತ್ತ ಮಗಳಿಗೆ ಬಹುವಚನ. ಅವಳು ಲೋಟ ಎತ್ತಿ ಕುಡಿದಳು.

ಸೋಮವಾರ ಪ್ರಾರ್ಥನೆಯ ಹೊತ್ತಿನಲ್ಲಿ ಪಂಚಾಕ್ಷರಪ್ಪನವರು ಮೈಕಿನಲ್ಲೇ ಜಯಶೀಲಾ ಮೇಡಂ ಅವರ ಧೈರ್ಯವನ್ನು ಹೊಗಳಿದರು. ಲಕ್ಷ್ಮೀಕಾಂತನ ವೀಡಿಯೊ ಊರಿನ ಅರ್ಧ ಫೋನುಗಳಲ್ಲಿ ಓಡಾಡುತ್ತಿತ್ತು. ಎಂಟನೇ ತರಗತಿಯ ಮಕ್ಕಳು ಮುತ್ತಿಕೊಂಡು ಕೇಳಿದ್ದನ್ನೇ ಕೇಳಿದವು; ಅವಳು ಬೋರ್ಡಿನ ಮೇಲೆ ಗವಿಯ ಚಿತ್ರ ಬರೆದು ವಿವರಿಸಿದಳು. ಒಳಗೆ ಕುಟುಕುತ್ತಿದ್ದರೂ ಹೊಗಳಿಕೆ ಸಿಹಿಯಾಗಿಯೇ ಇತ್ತು. ಆ ಸಿಹಿಗಾಗಿ ಅವಳು ಆಮೇಲೆ ತನ್ನನ್ನು ತಾನು ಬಹಳ ದಿನ ಕ್ಷಮಿಸಲಿಲ್ಲ.

ಮಂಗಳವಾರ ಸಂಜೆ ಅವ್ವ ಸಿದ್ದಕ್ಕ ಫೋನು ಮಾಡಿದಳು. ಫೋನೆಂದರೆ ಕಿರುಚಬೇಕು ಎಂದು ತಿಳಿದ ಹೆಂಗಸು, ಅವತ್ತು ಮೆಲ್ಲಗೆ ಮಾತಾಡಿದಳು.

"ನಿಮ್ಮಪ್ಪ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಕಣೆ ಜಯಾ. ಪಾಲುಗಾರನ ಗವಿ ತಾವ ಯಾರೋ ಹೋಗಿದ್ರಂತೆ. ತಾಯಿ ಬೆದರಿ ಹಗಲೊತ್ತೇ ಮರಿ ಸಾಗ್ಸೈತೆ. ಒಂದು ಮರಿ ಹೊಸ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸತ್ತೈತೆ. ನಿಮ್ಮಪ್ಪಂದೇ ಕೈವಾಡ, ದುಡ್ಡು ಇಸ್ಕಂಡು ತೋರ್ಸ್ಯಾನೆ ಅಂತ ಯಾರೋ ಹೇಳ್ಯಾರೆ. ಸಾಹೇಬ್ರು ಕರೆಸಿ ಕೇಳಿದ್ರೆ ಇವ್ರು ಏನಂದು ಬಂದಾರೆ ಗೊತ್ತೇನು? ಹೂಂ ಸಾರ್, ನಾನೇ ತೋರ್ಸಿದ್ದು ಅಂತ! ತಲೆಗಿಲೆ ಕೆಟ್ಟೈತೋ ಏನೋ. ನಾಳೆ ಮತ್ತೆ ಬರಾಕೆ ಹೇಳ್ಯಾರಂತೆ. ನೀನು ಓದಿದವಳು. ನೀನೂ ಹೋಗಿ ಒಂದು ಮಾತು ಹೇಳವ್ವ, ನಮ್ಮಪ್ಪ ಅಂಥೋರಲ್ಲ ಅಂತ. ಅಂಗಿ ಕಿತ್ಕಂಡ್ರೆ ಅವ್ರು ಕಣಿವೆಯೊಳಗೆ ಕಾಲಿಡಂಗಿಲ್ಲ. ಕಣಿವೆ ತುಳೀದೆ ಅವ್ರು ಬದುಕ್ತಾರೇನೆ?"

ಜಯಶೀಲಾ ಹೂಂ ಎಂದಳು. ನಾನು ಹೇಳುತ್ತೇನೆ ಎಂದಳು. ಹೇಳಬೇಕಾದ್ದು ಏನೆಂದು ಅವ್ವನಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ. ಮಂದೆ ಹೋದಾಗ ಅಪ್ಪ ಅತ್ತಿರಲಿಲ್ಲ. ಕಣಿವೆ ಉಳಿದಿದೆಯಲ್ಲ, ಅಂಗಿ ಹಾಕಿಕೊಂಡರೆ ಬಿಡುತ್ತಾರಲ್ಲ ಎಂದಿದ್ದ. ಖಾಕಿ ಅಂಗಿ ಅವನಿಗೆ ಸಂಬಳದ ಗುರುತಲ್ಲ, ಒಳಗೆ ಹೋಗುವ ರಹದಾರಿ. ಅದನ್ನು ತಾನು ಒಂದು 'ಇಷ್ಟೇನಾ' ಎಂಬ ಮಾತಿಗೆ ಕಿತ್ತುಕೊಟ್ಟೆನಲ್ಲ ಎಂದು ರಾತ್ರಿಯೆಲ್ಲ ಮಗ್ಗುಲು ಬದಲಿಸಿದಳು.

ಬುಧವಾರ ಅರ್ಧ ದಿನ ರಜೆ ಹಾಕಿ ಅರಣ್ಯ ಕಚೇರಿಗೆ ಹೋದಳು. ಅಧಿಕಾರಿ ಮುರುಗೇಶ್ ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ಗೋಡೆಗೆ ಒರಗಿ ಹಾಲಸ್ವಾಮಿ ನಿಂತಿದ್ದ. ಅವಳು ಒಳಗೆ ಬಂದದ್ದೇ ಅವನು ಮುಖ ಬೇರೆ ಕಡೆ ತಿರುಗಿಸಿದ. ಗೇಟಿನಲ್ಲಿ ನಡೆದದ್ದನ್ನೇ ಇಲ್ಲಿಯೂ ನಡೆಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು: ಅವಳಿಗೆ ಬೇಡವಾದರೆ ತಾನು ಅಪ್ಪನಲ್ಲ.

"ನಾನು ಇವರ ಮಗಳು ಸಾರ್," ಎಂದಳು. "ಗವಿ ತೋರಿಸಿದ್ದು ಇವರಲ್ಲ, ನಾನು."

"ಅವಳಿಗೇನು ಗೊತ್ತಿಲ್ಲ ಸಾರ್," ಎಂದು ಹಾಲಸ್ವಾಮಿ ನಡುವೆ ಬಾಯಿ ಹಾಕಿದ. "ಇಸ್ಕೂಲ್ ಮೇಡಂ ಅವಳು. ಅಪ್ಪನ್ನ ಉಳ್ಸಾಕೆ ಏನೋ ಹೇಳ್ತಾಳೆ. ನೀವು ಬರ್ಕಳ್ರಿ, ನಾನೇ."

ಮುರುಗೇಶ್ ಫೋನನ್ನು ಮೇಜಿನ ಮೇಲಿಟ್ಟು ವೀಡಿಯೊ ಹಾಕಿದ. ಚಿತ್ರ ಬರುವ ಮೊದಲೇ ಧ್ವನಿ ಬಂತು. ಸದ್ದು ಮಾಡಬ್ಯಾಡ್ರಿ. ಅಲ್ಲಿ, ಆ ಕಮರದ ಬುಡದಾಗೆ ನೋಡ್ರಿ. ತರಗತಿಯಲ್ಲಿ ಮಕ್ಕಳಿಗೆ ಕೇಳಿಸುವಂತೆ ತಿದ್ದಿದ ಸ್ಪಷ್ಟ ಧ್ವನಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಕಾಲದಲ್ಲಿ ಆಡಿದ ಮಾತು ಹೋಗುವುದೂ ಇಲ್ಲ, ಹೀಗೆ ಮೇಜಿನ ಮೇಲೆ ಕೂತು ಮತ್ತೆ ಮತ್ತೆ ಆಡುತ್ತದೆ. ಹಾಲಸ್ವಾಮಿ ಕೇಳಿದ. ಫೋನಿನೊಳಗೆ ಕಲ್ಲು ಉರುಳಿದ ಸದ್ದಿಗೆ ಅವನ ಕಣ್ಣು ಒಮ್ಮೆ ಮುಚ್ಚಿತು.

"ನಿಮಗೆ ಹೆಂಗೆ ಗೊತ್ತಿತ್ತು?" ಮುರುಗೇಶ್ ಕೇಳಿದ. "ನಮ್ಮ ಆಫೀಸಿನ ನಕ್ಷೇಲೂ ಆ ಜಾಗ ಇಲ್ಲ."

ಅವಳು ಬಾಯಿ ತೆರೆಯುವ ಮೊದಲು ಅಪ್ಪ ಹೇಳಿದ. "ನಾನು ಸಾರ್. ಅವಳು ಆ ಮೇಷ್ಟ್ರುಗಳಿಗೆ ತೋರ್ಸಕ್ಕಿಂತ ಮೊದ್ಲು ನಾನು ಅವಳಿಗೆ ತೋರ್ಸಿದ್ದೆ. ಒಂಬತ್ತು ವರ್ಷದ ಕೂಸು. ತೋರ್ಸಬಾರ್ದು ಅಂತ ನಮ್ಮಪ್ಪ ನನಗೆ ಹೇಳಿದ್ದ. ನನಗೆ ಆಸೆ ತಡೀಲಿಲ್ಲ, ನಮ್ಮ ಕೂಸು ನೋಡ್ಲಿ ಅಂತ. ತಪ್ಪು ಅವತ್ತಿಂದು ಸಾರ್, ಮೊನ್ನೇದಲ್ಲ."

ಜಯಶೀಲಾಳಿಗೆ ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆಸೆ ತಡೆಯಲಿಲ್ಲ, ನೋಡಲಿ ಅಂತ. ತಾನು ಮಾಡಿದ್ದೂ ಅದನ್ನೇ ಅಲ್ಲವೇ? ಅಲ್ಲ. ಅಪ್ಪ ತೋರಿಸಿದ್ದು ಪ್ರೀತಿಗೆ. ತಾನು ತೋರಿಸಿದ್ದು ಹೆಚ್ಚುಗಾರಿಕೆಗೆ. ಎರಡನ್ನೂ ಅಪ್ಪ ಒಂದೇ ಕಂಬಳಿಯಲ್ಲಿ ಸುತ್ತಿ ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

ಮುರುಗೇಶ್ ಕೆಟ್ಟವನಲ್ಲ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತ. "ದುಡ್ಡಿನ ಮಾತು ಸುಳ್ಳು ಅಂತ ನಾನು ಬರೀತೀನಿ ಹಾಲಸ್ವಾಮಿಯವರೆ. ಮೇಡಂ, ನೀವೂ ನಡೆದದ್ದನ್ನ ಬರೆದು ಸಹಿ ಮಾಡಿ ಕೊಡಿ. ಆ ವೀಡಿಯೊ ತೆಗೆಸಿ. ಆದ್ರೆ ಮರಿ ಸತ್ತಿದೆ. ಕಾವಲುಗಾರನ ಮನೆಯಿಂದಲೇ ಗುಟ್ಟು ಹೊರಗೆ ಬಿದ್ದ ಮೇಲೆ ನಾನು ನಿಮ್ಮನ್ನ ಕೆಲಸದಾಗೆ ಹೆಂಗೆ ಇಟ್ಕೊಳ್ಳಲಿ, ನೀವೇ ಹೇಳಿ."

"ಇಟ್ಕಬ್ಯಾಡ್ರಿ ಸಾರ್," ಎಂದ ಹಾಲಸ್ವಾಮಿ. ಯಾರೋ ನ್ಯಾಯ ಕೇಳಿದರೆ ಹಟ್ಟಿಯ ಹಿರಿಯನಾಗಿ ಹೇಳುವಂತೆ ಹೇಳಿದ.

ಅವಳು ಮೇಜಿನ ಮೂಲೆಯಲ್ಲಿ ಕೂತು ಬರೆಯತೊಡಗಿದಳು. ಅಕ್ಷರ ಮುತ್ತು ಪೋಣಿಸಿದಂತೆ ಎಂದು ಶಾಲೆಯಲ್ಲಿ ಹೆಸರು. ಎರಡನೇ ಸಾಲಿಗೆ ಬಂದಾಗ ತಲೆ ಎತ್ತಿದರೆ ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತಿದ್ದ. "ನಾಳೆ ತಂದು ಕೊಟ್ರೂ ನಡೀತದೆ," ಎಂದ ಮುರುಗೇಶ್. ಹಾಲಸ್ವಾಮಿ ಕೇಳಿಸಿಕೊಳ್ಳದವನಂತೆ ಅಂಗಿ ತೆಗೆದು, ತೋಳು ಒಳಗೆ ಬರುವಂತೆ ಮಡಿಚಿ, ಅವಳು ಬರೆಯುತ್ತಿದ್ದ ಕಾಗದದ ಪಕ್ಕದಲ್ಲಿ ಇಟ್ಟ. ತೂತುಬಿದ್ದ ಬನಿಯನ್ನಿನ ಮೇಲೆ ಕಂಬಳಿ ಹೊದ್ದು ಹೊರಗೆ ಹೋಗಿ ನಿಂತ.

ಬಸ್ ನಿಲ್ದಾಣದವರೆಗೂ ಅವನ ಜೊತೆಯಲ್ಲೇ ನಡೆದಳು. ಹಣ್ಣಿನ ಗಾಡಿಯ ಹತ್ತಿರ ಸುಷ್ಮಿತಾ ಎದುರಾದಳು. "ಏನ್ ಮೇಡಂ, ರಜೆ ಹಾಕಿ ಇಲ್ಲಿ?" ಎಂದು ನಗುತ್ತ ಬಂದವಳು ಕಂಬಳಿಯ ಮುದುಕನನ್ನು ನೋಡಿ ನಿಂತಳು.

"ಇವರು ನಮ್ಮಪ್ಪ," ಎಂದಳು ಜಯಶೀಲಾ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಸುಷ್ಮಿತಾಳ ಕೈ ತಾನಾಗಿಯೇ ನಮಸ್ಕಾರಕ್ಕೆ ಎದ್ದಿತು. "ಅವತ್ತು ನೀರು ಕೊಟ್ಟಿದ್ದು..." ಎಂದು ಶುರುಮಾಡಿ, ಜಯಶೀಲಾಳ ಮುಖ ನೋಡಿ, ಮುಂದೆ ಹೇಳದೆ ಹೊರಟುಹೋದಳು.

"ಅವತ್ತು ಗೇಟಿನಾಗೆ ಯಾಕಪ್ಪ ನನ್ನ ಮಾತಾಡಿಸ್ಲಿಲ್ಲ?" ಬಸ್ಸು ಬರುವ ಹೊತ್ತಿಗೆ ಅವಳು ಕೇಳಿದಳು. "ಲೇ ಜಯಾ, ಏನು ಮಾಡಿದ್ಯೆ ಅಂತ ಎಲ್ರ ಮುಂದೆ ಬಯ್ಯಬೇಕಿತ್ತು."

"ನೀನು ಮಾತಾಡಿಸ್ಲಿಲ್ಲ," ಎಂದ ಹಾಲಸ್ವಾಮಿ. ದೂರು ಹೇಳಿದಂತೆ ಇರಲಿಲ್ಲ. "ಮಗಳು ಮಾತಾಡಿಸ್ಲಿಲ್ಲ ಅಂದ್ರೆ ಏನೋ ಇರ್ತತೆ, ನಾವು ಸುಮ್ಕಿರಬೇಕು ಅನ್ಕಂಡೆ."

ಬಸ್ಸಿನ ಮೆಟ್ಟಿಲು ಹತ್ತಿ ಅವನು ಒಳಗೆ ಹೋದ. ಕಿಟಕಿಯಿಂದ ಕೈ ಬೀಸಲಿಲ್ಲ. ಅದು ಅವನ ಅಭ್ಯಾಸವಲ್ಲ. ಅವಳು ಮಾತ್ರ ಹೋದ ಬಸ್ಸಿನ ಧೂಳು ಇಳಿಯುವ ತನಕ ನಿಂತಿದ್ದಳು.

ಆ ವರ್ಷ ಹಾಲಸ್ವಾಮಿ ಹನ್ನೆರಡು ಕುರಿ ಕಟ್ಟಿಕೊಂಡು ಕಣಿವೆಯ ಬೇಲಿಯ ಹೊರಗೆ, ಸೈಟಿನ ಕಲ್ಲುಗಳ ನಡುವೆ ಮೇಯಿಸಿದ. ಬೇಲಿಯ ಉದ್ದಕ್ಕೂ ನಡೆಯುತ್ತಾನೆ, ತಂತಿ ಹಿಡಿದು ನಿಲ್ಲುತ್ತಾನೆ ಎಂದು ಸಿದ್ದಕ್ಕ ಹೇ‍ಳುತ್ತಿದ್ದಳು. ಜಯಶೀಲಾ ಪ್ರತಿ ಭಾನುವಾರ ಹಟ್ಟಿಗೆ ಹೋದಳು. ಅಪ್ಪ ಒಂದು ದಿನವೂ ಆ ಮಾತು ಎತ್ತಲಿಲ್ಲ. ಕುರಿಯ ಕಾಯಿಲೆ, ರಾಮಗಿರಿಗೆ ಕೊಟ್ಟ ತಂಗಿಯ ಮನೆಯ ಸುದ್ದಿ, ಮಳೆ, ಎಲ್ಲ ಆಡಿದ. ಅವನು ಎಂದಿನಂತೆಯೇ ಇದ್ದದ್ದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಮತ್ತೆ ಮಾಗಿ ಬಂದಾಗ ಅವಳೇ ಹೇಳಿದಳು. "ಒಂದು ಸಲ ಒಳಗೆ ಹೋಗಿ ಬರಾಣ ಬಾರಪ್ಪ. ಎಲ್ಲರೂ ಹೋಗಾಂಗೆ, ಟಿಕೆಟ್ ತಗಂಡು."

"ನಾನು? ಟಿಕೆಟ್ ತಗಂಡು?" ಹಾಲಸ್ವಾಮಿ ನಕ್ಕುಬಿಟ್ಟ. ನಗು ಮುಗಿದ ಮೇಲೆ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡ. ಹೊರಡುವಾಗ ಗೂಡಿನಿಂದ ಬೀಡಿ ಕಟ್ಟನ್ನು ತೆಗೆದು, ಅವಳ ಎದುರಿಗೇ, ಅಂಗಿಯ ಮೇಲುಜೇಬಿಗೆ ಇಟ್ಟುಕೊಂಡ. ಅರ್ಧ ಹೊರಗೆ ಕಾಣುವಂತೆ.

ಗೇಟಿನಲ್ಲಿ ಹೊಸ ಕಾವಲುಗಾರ ಎರಡು ಟಿಕೆಟ್ ಹರಿದು ಕೊಟ್ಟ. ಹಾಲಸ್ವಾಮಿ ತನ್ನದನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ನೋಡಿ, ಕೈಯಲ್ಲೇ ಇಟ್ಟುಕೊಂಡ, ಯಾರಾದರೂ ಕೇಳಿದರೆ ತೋರಿಸಲು. ಸುಣ್ಣದ ಕಲ್ಲುಗಳ ನಡುವೆ, ಪರಊರಿಗೆ ಬಂದ ನೆಂಟನಂತೆ, ದಾರಿಯ ಮಧ್ಯದಲ್ಲೇ ನಡೆದ. ಒಂದು ಹೆಜ್ಜೆಯೂ ಅತ್ತಿತ್ತ ಇಡಲಿಲ್ಲ. ಜಯಶೀಲಾ ಅವನ ಹಿಂದೆ ನಡೆದಳು. ಅವನು ಕೂತ ಕಡೆ ಕೂತಳು, ಎದ್ದಾಗ ಎದ್ದಳು. ಬಿಸಿಲೇರುತ್ತಿತ್ತು. ಗಾಳಿಯಂತ್ರದ ರೆಕ್ಕೆಯ ನೆರಳು ಗುಡ್ಡದ ಮೈಮೇಲೆ ಹಾದು ಹಾದು ಹೋಗುತ್ತಿತ್ತು.

ಹಳ್ಳದ ತಿರುವಿನಲ್ಲಿ ಅವನು ಕಂಬಳಿಯನ್ನು ಕಲ್ಲಿನ ಮೇಲೆ ಹಾಸಿದ. "ಕುಂತ್ಕ. ಕಲ್ಲು ಸುಡ್ತತೆ," ಎಂದ. ಅವಳು ಕಂಬಳಿಯ ಪಕ್ಕದಲ್ಲಿ, ಬರಿ ಕಲ್ಲಿನ ಮೇಲೆ ಕೂತಳು. ಅವನು ಅದನ್ನು ನೋಡಿದ. ಸುಸ್ತಾದವನು ಅಭ್ಯಾಸಬಲದಿಂದ ಎದೆಯ ಜೇಬಿಗೆ ಕೈ ಹಾಕಿದ. ಬೀಡಿ ಕಟ್ಟಿಗೆ ತಾಗಿದ ಬೆರಳು ಹಾಗೆಯೇ ಹಿಂದಕ್ಕೆ ಬಂತು. ಕಟ್ಟಿನ ದಾರ ಬಿಚ್ಚಿರಲಿಲ್ಲ. ದಾರದ ಮೇಲೆ ಗೂಡಿನ ಧೂಳು ಇನ್ನೂ ಇತ್ತು.

ಈ ಕಟ್ಟನ್ನು ಅಪ್ಪ ಜೇಬಿನಲ್ಲಿ ಇಟ್ಟುಕೊಂಡಿದ್ದು ಸೇದುವುದಕ್ಕಲ್ಲ. ಅವಳ ಕಣ್ಣಿಗೆ ಕಾಣಲಿ, ಈ ವರ್ಷ ಪಾಲುಗಾರ ಬಂದಿಲ್ಲ ಎಂದುಕೊಳ್ಳಲಿ ಎಂದು.

ತಲೆ ಎತ್ತಿದಾಗ ಅವನು ಹಳ್ಳದಾಚೆಯ ಯಾವುದೋ ಒಂದು ಕಡೆ ನೋಡುತ್ತಿದ್ದ. ಎಲ್ಲ ನೆರಿಗೆಗಳೂ ಸಡಿಲವಾದ, ಅವಳು ಒಂಬತ್ತು ವರ್ಷದವಳಾಗಿ ಕಂಡಿದ್ದ ಮುಖ. ಅವಳು ನೋಡುತ್ತಿದ್ದಾಳೆಂದು ಗೊತ್ತಾದ ಕ್ಷಣವೇ ಕಣ್ಣು ಕಿತ್ತು ಕಾಲಬುಡದ ಕಲ್ಲಿನ ಮೇಲೆ ಇಟ್ಟ.

"ಹೊತ್ತಾಯ್ತೇನೋ. ಹೋಗಾಣ," ಎಂದ.

"ಇರಪ್ಪ, ಕಾಲಿಗೆ ಮುಳ್ಳು ಚುಚ್ಚೈತೆ," ಎಂದಳು ಜಯಶೀಲಾ.

ಅವಳು ಕಲ್ಲಿನ ಮೇಲೆ ಪೂರ್ತಿ ತಿರುಗಿ, ಹಳ್ಳಕ್ಕೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ಕೂತಳು. ಚಪ್ಪಲಿ ಬಿಚ್ಚಿ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಇಲ್ಲದ ಮುಳ್ಳನ್ನು ಉಗುರಿನಿಂದ ಕೀಳತೊಡಗಿದಳು. ಬೆನ್ನ ಹಿಂದೆ ಅಪ್ಪ ಮತ್ತೆ ಹಳ್ಳದ ಕಡೆ ತಿರುಗಿದ ಸದ್ದಾಯಿತು. ಬಿಸಿಲು ನೆತ್ತಿಗೆ ಬರುವ ತನಕ ಅವಳು ತಲೆ ಎತ್ತಲಿಲ್ಲ.